ಓದುಗರ ಪ್ರಶ್ನೆಗಳು: ವಾಹನಕ್ಕೆ ಕೈಗೆಟಕುವ ರೇಡಿಯೋ ಸೆಟ್

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ವಾಹನದಲ್ಲಿ ಕೂರಿಸುವ ಎರಡು ದಿಕ್ಕಿನ ರೇಡಿಯೋ ಕುರಿತಾಗಿಯೇ ಇದ್ದುದರಿಂದ ಅಂಕಣವನ್ನು ಪೂರ್ತಿ ಅದಕ್ಕೇ ಮೀಸಲಿಟ್ಟಿದ್ದೇನೆ. ಹ್ಯಾಮ್ (ಪರವಾನಗಿ ಪಡೆದ ಹವ್ಯಾಸಿ ರೇಡಿಯೋ) ಬಳಗದಲ್ಲಿ ಇಂಥ ಸೆಟ್ಟಿಗೆ ‘ಮೊಬೈಲ್’ ಎನ್ನುತ್ತಾರೆ. ಆ ಪದಕ್ಕೆ ಫೋನ್ ಎಂಬ ಅರ್ಥ ಅಂಟಿಕೊಂಡು ಕಾಲು ಶತಮಾನವಾಗಿರುವುದರಿಂದ ಗೊಂದಲವಾಗಬಾರದೆಂದು ಇಲ್ಲಿ ‘ವಾಹನ ಸೆಟ್’ ಎಂದೇ ಬರೆಯುತ್ತೇನೆ.

ಪ್ರಶ್ನೆ: ನಿರ್ಬಂಧಿತ ದರ್ಜೆಯ ಹ್ಯಾಮ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಇತ್ತೀಚೆಗಷ್ಟೇ ವಿಯು3 ಎಂದು ಆರಂಭವಾಗುವ ಕರೆಸಂಕೇತ (ರೇಡಿಯೋದಲ್ಲಿ ಗುರುತಿಗೆ ಹೇಳುವ ಹೆಸರು) ಪಡೆದಿದ್ದೇನೆ. ಹಳೆಯ ಬೊಲೆರೋ ಇದೆ. ತೋಟದ ಕೆಲಸಕ್ಕಾಗಿ ವಾರಕ್ಕೆರಡು ಬಾರಿ ಶಿರಾಡಿ ಘಾಟಿ ಇಳಿದು ಉಪ್ಪಿನಂಗಡಿಯವರೆಗೆ ಹೋಗಿಬರುತ್ತೇನೆ, ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗುತ್ತೇನೆ. ಎಲ್ಲ ಸೇರಿ ಹದಿನೈದು ಸಾವಿರ ರೂಪಾಯಿಯೊಳಗೆ ಯಾವ ಸೆಟ್ ಕೊಳ್ಳಲಿ? 25 ವ್ಯಾಟ್ ಸಾಕೇ, 50 ಬೇಕೇ? — ಸಕಲೇಶಪುರದ ಓದುಗರು

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನನಗೆ ಹಿಡಿಸಿದ್ದು ‘ಎಲ್ಲ ಸೇರಿ’ ಎಂಬ ಮಾತು. ಹೊಸಬರು ಸಾಮಾನ್ಯವಾಗಿ ಇರುವ ಹಣವನ್ನೆಲ್ಲ ಸೆಟ್ಟಿಗೆ ಸುರಿದು, ಆಂಟೆನಾ ಮತ್ತು ವೈರಿಂಗ್‌ಗೆ ಚಿಲ್ಲರೆ ಉಳಿಸಿಕೊಳ್ಳುತ್ತಾರೆ. ನಾನೂ ಹಾಗೆಯೇ ಮಾಡಿದವನು. ಮೊದಲ ಸಲ ನನ್ನ ಜೀಪಿಗೆ ದುಬಾರಿಯ, 65 ವ್ಯಾಟಿನ ಸೆಟ್ಟನ್ನು ತಂದು, ತಾಳ್ಮೆಯಿಲ್ಲದೆ ಸಿಗರೇಟ್ ಲೈಟರ್‌ನ ಸಾಕೆಟ್ಟಿಗೆ ಚುಚ್ಚಿ ಚಾರ್ಮಾಡಿಯ ಕಡೆಗೆ ಹೊರಟೆ. ಮೈಕಿನ ಗುಂಡಿ ಒತ್ತಿದೊಡನೆ ಸೆಟ್ಟಿನ ಪರದೆ ಒಮ್ಮೆ ಮಿಣುಕಿ ಆರಿ, ಮತ್ತೆ ಹೊತ್ತಿಕೊಳ್ಳುತ್ತಿತ್ತು; ಮೂರನೆಯ ಸಲ ಫ್ಯೂಸೇ ಹೋಯಿತು. ಸೆಟ್ಟಿನಲ್ಲಿ ಯಾವ ದೋಷವೂ ಇರಲಿಲ್ಲ. ಅದು ಬೇಡುತ್ತಿದ್ದ ಹತ್ತು ಹನ್ನೊಂದು ಆಂಪಿಯರ್ ಕರೆಂಟನ್ನು ಆ ಸಾಕೆಟ್ಟಿನ ಹಿಂದಿನ ಸಣ್ಣ ತಂತಿ ಕೊಡಲಾರದಾಗಿತ್ತು, ಅಷ್ಟೆ.

ವ್ಯಾಟಿನ ವಿಚಾರಕ್ಕೆ ಬರೋಣ. 25 ವ್ಯಾಟಿನಿಂದ 50 ವ್ಯಾಟಿಗೆ ಏರಿದರೆ ಸಿಗುವ ಲಾಭ ಕೇವಲ 3 ಡೆಸಿಬೆಲ್. ಕೇಳುವವನ ಕಡೆಯ ಸಿಗ್ನಲ್ ಮೀಟರಿನಲ್ಲಿ ಅದು ಅರ್ಧ ಅಂಕದಷ್ಟು ಏರಿಕೆ. ನೀವು ಬಳಸಲಿರುವ 144ರಿಂದ 146 ಮೆಗಾಹರ್ಟ್ಸ್ ಪಟ್ಟಿಯಲ್ಲಿ (ಬ್ಯಾಂಡಿನಲ್ಲಿ) ಅಲೆಗಳು ಹೆಚ್ಚುಕಡಿಮೆ ನೇರ ದೃಷ್ಟಿಯಲ್ಲಿ ಸಾಗುತ್ತವೆ, ಆದ್ದರಿಂದ ದೂರವನ್ನು ನಿರ್ಧರಿಸುವುದು ಶಕ್ತಿಗಿಂತ ಹೆಚ್ಚಾಗಿ ಎತ್ತರ. ಒಂದು ಸರಳ ಲೆಕ್ಕವಿದೆ: ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ಹಿಡಿದು, ಅದರ ವರ್ಗಮೂಲವನ್ನು 4.1ರಿಂದ ಗುಣಿಸಿದರೆ ರೇಡಿಯೋ ದಿಗಂತದ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ಬೊಲೆರೋದ ಮಾಡಿನ ಮೇಲೆ 2 ಮೀಟರ್ ಎತ್ತರದಲ್ಲಿರುವ ಆಂಟೆನಾಗೆ ಅದು 6 ಕಿಲೋಮೀಟರಿಗಿಂತ ತುಸು ಕಡಿಮೆ. ಸುತ್ತಲ ಬಯಲಿಗಿಂತ 500 ಮೀಟರ್ ಎತ್ತರದ ಬೆಟ್ಟದ ತುದಿಯಲ್ಲಿದ್ದು, ಕೇಳಿದ ಮಾತನ್ನು ಮರುಪ್ರಸಾರ ಮಾಡುವ ರಿಪೀಟರಿಗೆ 90 ಕಿಲೋಮೀಟರ್ ದಾಟುತ್ತದೆ. ಇವೆರಡನ್ನೂ ಕೂಡಿದರೆ ನಿಮ್ಮ ವಾಹನಕ್ಕೂ ಆ ರಿಪೀಟರಿಗೂ ನಡುವೆ ಇರಬಹುದಾದ ಗರಿಷ್ಠ ದೂರ ಗೊತ್ತಾಗುತ್ತದೆ. ಬಯಲಿನಲ್ಲಿ ಎರಡು ವಾಹನಗಳ ನಡುವೆಯಾದರೆ ಲೆಕ್ಕದಲ್ಲಿ 11-12 ಕಿಲೋಮೀಟರ್ ಬರುತ್ತದೆ. ಶಿರಾಡಿಯ ಕಣಿವೆಯಲ್ಲಿ, ಕೆಂಪುಹೊಳೆಯ ಪಕ್ಕದ ತಿರುವುಗಳಲ್ಲಿ, ಅದೇ ಎರಡು ವಾಹನಗಳು ಎರಡು ಕಿಲೋಮೀಟರ್ ಅಂತರದಲ್ಲೂ ಒಂದರ ಮಾತು ಇನ್ನೊಂದಕ್ಕೆ ಕೇಳದೆ ಒದ್ದಾಡಬಹುದು. ನಡುವೆ ಗುಡ್ಡವೇ ನಿಂತಿರುವಾಗ 50 ವ್ಯಾಟ್ ಆದರೂ ಅಷ್ಟೇ, 25 ಆದರೂ ಅಷ್ಟೇ. ನಿಮಗೆ 25 ವ್ಯಾಟಿನ ಸೆಟ್ ಧಾರಾಳವಾಗಿ ಸಾಕು. ನಿಮ್ಮ ದರ್ಜೆಗೆ ಅನುಮತಿಸಿರುವ ಶಕ್ತಿಯ ಮಿತಿ ಏನಿದೆಯೋ ಅದಕ್ಕೆ ತಕ್ಕಂತೆ ಸೆಟ್ಟಿನ ಶಕ್ತಿಯನ್ನು ಇಳಿಸಿಟ್ಟುಕೊಳ್ಳಿ. ಈ ಸೆಟ್ಟುಗಳಲ್ಲೆಲ್ಲ ಅದಕ್ಕೊಂದು ಗುಂಡಿ ಇರುತ್ತದೆ.

ಇನ್ನು ಯಾವ ಸೆಟ್ ಎಂಬುದು. ಮಾರುಕಟ್ಟೆಯಲ್ಲಿ ಸ್ಥೂಲವಾಗಿ ಎರಡು ಗುಂಪುಗಳಿವೆ. ಜಪಾನಿನ ಐಕಾಮ್, ಯೇಸು, ಕೆನ್‌ವುಡ್ ಸೆಟ್ಟುಗಳು ಒಂದು ಗುಂಪು. ಐಕಾಮಿನ ಐಸಿ-2300ಎಚ್ ಇದಕ್ಕೆ ಒಳ್ಳೆಯ ಉದಾಹರಣೆ: ಒಂದೇ ಪಟ್ಟಿ, 65 ವ್ಯಾಟ್, ಗಟ್ಟಿಮುಟ್ಟಾದ ದೇಹ. ಇನ್ನೊಂದು ಗುಂಪು ಚೀನಾದ್ದು. ಎನಿಟೋನ್ ಎಟಿ-778ಯುವಿ (ಇದೇ ಸೆಟ್ ರೆಟೆವಿಸ್ ಆರ್‌ಟಿ95 ಎಂಬ ಹೆಸರಿನಲ್ಲೂ ಸಿಗುತ್ತದೆ) ಮತ್ತು ಅಂಗೈಯಗಲದ ಕ್ಯೂವೈಟಿ ಕೆಟಿ-8900, ಇವೆರಡೂ 25 ವ್ಯಾಟ್ ದರ್ಜೆಯವು, ವಿಎಚ್‌ಎಫ್ (144 ಮೆಗಾಹರ್ಟ್ಸ್ ಕಡೆಯದು) ಮತ್ತು ಯುಎಚ್‌ಎಫ್ (434 ಮೆಗಾಹರ್ಟ್ಸ್ ಕಡೆಯದು) ಎರಡೂ ಪಟ್ಟಿಗಳಲ್ಲಿ ಕೆಲಸ ಮಾಡುತ್ತವೆ. ಚೀನಾದ ಈ ಸೆಟ್ಟುಗಳು ಜಪಾನಿನ ಹೊಸ ಸೆಟ್ಟಿಗಿಂತ ಅಗ್ಗಕ್ಕೆ ಬರುತ್ತವೆ. ವ್ಯತ್ಯಾಸ ಎದ್ದುಕಾಣುವುದು ಪ್ರಸಾರದಲ್ಲಲ್ಲ, ಗ್ರಹಿಕೆಯಲ್ಲಿ. ಅಗ್ಗದ ಸೆಟ್ಟುಗಳಲ್ಲಿ ಹಲವು ಇಡೀ ಗ್ರಾಹಕವನ್ನು (ರಿಸೀವರನ್ನು) ಒಂದೇ ಚಿಪ್ಪಿನಲ್ಲಿ ಅಡಗಿಸಿಕೊಂಡಿರುತ್ತವೆ, ಸುತ್ತಮುತ್ತಲಿನ ಪ್ರಬಲ ಪ್ರಸಾರಗಳನ್ನು ಸೋಸುವ ಶಕ್ತಿ ಅವುಗಳಿಗೆ ಕಡಿಮೆ. ಸಕಲೇಶಪುರದಲ್ಲಿ ನಿಮಗೆ ಇದರ ಅರಿವೇ ಆಗದು. ಆದರೆ ಬೆಂಗಳೂರಿನಲ್ಲಿ, ಎತ್ತರದ ಟವರುಗಳ ನೆರಳಿನಲ್ಲಿ ಹಾದುಹೋಗುವಾಗ, ಯಾರೂ ಮಾತನಾಡದಿದ್ದರೂ ಸೆಟ್ ಗರಗರ ಎನ್ನುತ್ತದೆ, ಅಥವಾ ಚೆನ್ನಾಗಿ ಕೇಳುತ್ತಿದ್ದ ರಿಪೀಟರ್ ಥಟ್ಟನೆ ಕಿವುಡಾದಂತಾಗುತ್ತದೆ. ಆದ್ದರಿಂದ ಕೊಳ್ಳುವ ಮುನ್ನ ಅದು ಸೂಪರ್‌ಹೆಟರೊಡೈನ್ (ಸಿಗ್ನಲನ್ನು ಹಂತಹಂತವಾಗಿ ಸೋಸುವ) ಗ್ರಾಹಕವೇ ಎಂದು ಕೇಳಿ. ಎಟಿ-778ಯುವಿ ಆ ಬಗೆಯದು, ನನ್ನ ಆಯ್ಕೆಯೂ ಅದೇ.

ನಿಮ್ಮ ಹದಿನೈದರಲ್ಲಿ ಸೆಟ್ಟಿಗೆ ಒಂಬತ್ತು ಸಾವಿರ ಮೀರದಂತೆ ನೋಡಿಕೊಳ್ಳಿ. ಆ ಮೊತ್ತಕ್ಕೆ ಹೊಸದು ಸಿಗದಿದ್ದರೆ ಹ್ಯಾಮ್ ಗೆಳೆಯರಿಂದ ಬಳಸಿದ ಸೆಟ್ಟನ್ನು ಕೊಳ್ಳಿ, ಆಂಟೆನಾದ ಹಣಕ್ಕೆ ಮಾತ್ರ ಕೈಹಾಕಬೇಡಿ. ಉಳಿದದ್ದು ಆಂಟೆನಾ, ಅದರ ಬುಡ, ಕೇಬಲ್, ವಿದ್ಯುತ್ ತಂತಿ ಮತ್ತು ಫ್ಯೂಸಿಗೆ. ತಂತಿಯ ಬಗ್ಗೆ ಲೆಕ್ಕ ಹಾಕಿಯೇ ಹೇಳುತ್ತೇನೆ. ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿಗೆ ಮೂರು ಮೀಟರ್ ಎಂದರೆ ಹೋಗಿಬರುವ ದಾರಿ ಆರು ಮೀಟರ್. ಮನೆಯ ವೈರಿಂಗ್‌ಗೆ ಬಳಸುವ 1 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ 10 ಆಂಪಿಯರ್ ಹರಿದರೆ ದಾರಿಯಲ್ಲೇ ಒಂದು ವೋಲ್ಟಿಗಿಂತ ಹೆಚ್ಚು ಕರಗಿಹೋಗುತ್ತದೆ. 4 ಚದರ ಮಿಲಿಮೀಟರ್ ತಂತಿಯಲ್ಲಿ ಅದು 0.3 ವೋಲ್ಟಿನೊಳಗೆ ನಿಲ್ಲುತ್ತದೆ. ನಿಮ್ಮ 25 ವ್ಯಾಟ್ ಸೆಟ್ಟಿಗೆ ಅದರ ಅರ್ಧದಷ್ಟು ಕರೆಂಟ್ ಸಾಕಾಗುವುದರಿಂದ 2.5 ಚದರ ಮಿಲಿಮೀಟರ್ ತಂತಿಯಲ್ಲಿ ಕೆಲಸ ಸಾಗುತ್ತದೆ. ತಂತಿಯನ್ನು ನೇರ ಬ್ಯಾಟರಿಯಿಂದಲೇ ಎಳೆಯಿರಿ, ಫ್ಯೂಸನ್ನು ಬ್ಯಾಟರಿಗೆ ಅಂಟಿದಂತೆ, ಒಂದು ಗೇಣಿನೊಳಗೆ ಇಡಿ. ಫ್ಯೂಸ್ ಇರುವುದು ಸೆಟ್ಟನ್ನು ಕಾಯಲು ಎಂದು ಹಲವರು ಭಾವಿಸಿದ್ದಾರೆ. ಅದು ಇರುವುದು ಬಾನೆಟ್ಟಿನ ತಗಡಿಗೆ ಉಜ್ಜಿ ಸವೆದ ತಂತಿಯಿಂದ ವಾಹನಕ್ಕೆ ಬೆಂಕಿ ಹತ್ತದಂತೆ ನೋಡಿಕೊಳ್ಳಲು. ಸೆಟ್ಟಿನ ತುದಿಯಲ್ಲಿ ಮಾತ್ರ ಫ್ಯೂಸ್ ಇಟ್ಟರೆ ಬ್ಯಾಟರಿಯಿಂದ ಅಲ್ಲಿಯವರೆಗಿನ ತಂತಿಗೆ ರಕ್ಷಣೆಯೇ ಇರುವುದಿಲ್ಲ.

ಇನ್ನೊಂದು ಮಾತು. ಈ ಸೆಟ್ಟುಗಳಲ್ಲಿ ಹಲವು 136ರಿಂದ 174 ಮೆಗಾಹರ್ಟ್ಸ್‌ವರೆಗೆ ಎಲ್ಲಿ ಬೇಕಾದರೂ ಪ್ರಸಾರ ಮಾಡುವ ಸ್ಥಿತಿಯಲ್ಲಿಯೇ ಕೈಗೆ ಬರುತ್ತವೆ. ಮೊದಲ ಕೆಲಸವಾಗಿ ಕಂಪ್ಯೂಟರಿಗೆ ಜೋಡಿಸಿ, ಪ್ರಸಾರವನ್ನು ಹ್ಯಾಮ್ ಪಟ್ಟಿಗೆ, ಅಂದರೆ ನಮ್ಮಲ್ಲಿ 144-146 ಮತ್ತು 434-438 ಮೆಗಾಹರ್ಟ್ಸ್‌ಗೆ, ಬಿಗಿದುಬಿಡಿ. ಕೈತಪ್ಪಿ ಬೇರೆ ಇಲಾಖೆಯ ಚಾನೆಲ್ಲಿನಲ್ಲಿ ಗುಂಡಿ ಒತ್ತಿದರೆ ಅದು ಕೇವಲ ಮುಜುಗರದ ಸಂಗತಿಯಲ್ಲ, ಅಪರಾಧ. ರಿಪೀಟರಿಗೆ ಕೇಳುವ ಮತ್ತು ಹೇಳುವ ಫ್ರೀಕ್ವೆನ್ಸಿಗಳ ನಡುವಿನ 600 ಕಿಲೋಹರ್ಟ್ಸ್ ಅಂತರ, ಅದು ತೆರೆದುಕೊಳ್ಳಲು ಬಯಸುವ ಟೋನ್, ಮತ್ತು ಚಾನೆಲ್ ಅಗಲ ಅಥವಾ ಕಿರಿದು ಎಂಬ ಆಯ್ಕೆ, ಈ ಮೂರನ್ನೂ ಸರಿಯಾಗಿ ತುಂಬಿ. ‘ನಿಮ್ಮ ಧ್ವನಿ ಬಾವಿಯೊಳಗಿಂದ ಬಂದಂತೆ ಸಣ್ಣಗಿದೆ’ ಎಂದು ಯಾರಾದರೂ ಹೇಳಿದರೆ, ನೂರಕ್ಕೆ ತೊಂಬತ್ತು ಸಲ ಸೆಟ್ ಕಿರಿದು ಎಂಬಲ್ಲಿ ಕೂತಿರುತ್ತದೆ. ಪರವಾನಗಿಯ ಪ್ರತಿ ವಾಹನದಲ್ಲೇ ಇರಲಿ. ಚಾಲನೆ ಮಾಡುತ್ತ ಕೈಯಲ್ಲಿ ಸಂವಹನ ಸಾಧನ ಹಿಡಿಯುವುದನ್ನು 2019ರ ತಿದ್ದುಪಡಿಯ ಬಳಿಕ ಮೋಟಾರು ವಾಹನ ಕಾಯ್ದೆ ಅಪಾಯಕಾರಿ ಚಾಲನೆಯ ಸಾಲಿಗೆ ಸೇರಿಸಿದೆ. ಘಾಟಿಯಲ್ಲಂತೂ ವಾಹನ ಬದಿಗೆ ನಿಲ್ಲಿಸಿಯೇ ಮಾತನಾಡಿ.

ಪ್ರಶ್ನೆ: ನನ್ನ ಹೊಸ ಕಾರಿನ ಮಾಡಿನ ಬಹುಭಾಗ ಗಾಜು. ಮ್ಯಾಗ್ನೆಟ್ ಬುಡದ ಆಂಟೆನಾ ಕೂರುತ್ತಿಲ್ಲ. ಕಾರಿಗೆ ತೂತು ಕೊರೆಯಲು ಮನೆಯವರು ಒಪ್ಪುವುದಿಲ್ಲ. ಏನು ಮಾಡಲಿ? — ಹುಬ್ಬಳ್ಳಿಯ ಓದುಗರು

ಉತ್ತರ: ಮನೆಯವರು ಹೇಳುವುದು ಸರಿಯಾಗಿಯೇ ಇದೆ, ಹೊಸ ಕಾರಿಗೆ ಕೊರೆಯುವುದು ಬೇಡ. ಆಂಟೆನಾ ಎಂದು ನಾವು ಕರೆಯುವ ಕಡ್ಡಿ ಅರ್ಧ ಆಂಟೆನಾ ಮಾತ್ರ. ಉಳಿದ ಅರ್ಧ ಅದರ ಕೆಳಗಿನ ಲೋಹದ ಹಾಳೆ. ಉಕ್ಕಿನ ಮಾಡಿನ ನಟ್ಟನಡುವೆ ನಿಂತ ಕಡ್ಡಿ ಸುತ್ತಲೂ ಸಮನಾಗಿ ಪ್ರಸಾರ ಮಾಡುತ್ತದೆ. ಅಂಚಿಗೆ ಸರಿದಂತೆ ಲೋಹ ಹೆಚ್ಚಿರುವ ದಿಕ್ಕಿಗೆ ವಾಲುತ್ತದೆ, ಅಷ್ಟೇ ಹೊರತು ಕೆಲಸ ನಿಲ್ಲುವುದಿಲ್ಲ. ನಿಮ್ಮ ಕಾರಿಗೆ ಡಿಕ್ಕಿಯ ಬಾಗಿಲಿನ ಅಂಚಿಗೆ ಸ್ಕ್ರೂಗಳಿಂದ ಕಚ್ಚಿ ನಿಲ್ಲುವ ಬುಡ ಸೂಕ್ತ. ಆ ಸ್ಕ್ರೂಗಳ ತುದಿ ಬಣ್ಣವನ್ನು ದಾಟಿ ಬರಿಯ ಲೋಹವನ್ನು ಮುಟ್ಟಬೇಕು, ಡಿಕ್ಕಿಯ ಬಾಗಿಲಿನಿಂದ ಕಾರಿನ ದೇಹಕ್ಕೆ ಹೆಣೆದ ಚಪ್ಪಟೆ ತಾಮ್ರದ ಪಟ್ಟಿಯೊಂದನ್ನು ಜೋಡಿಸಬೇಕು. ಕೀಲುಗಳ ಮೂಲಕ ಸಿಗುವ ಸಂಪರ್ಕವನ್ನು ನಂಬಬೇಡಿ, ಗ್ರೀಸು ಅಲ್ಲಿ ನಿಮ್ಮ ಶತ್ರು.

145 ಮೆಗಾಹರ್ಟ್ಸ್‌ಗೆ ಕಾಲು ತರಂಗದ (ಅಲೆಯ ಉದ್ದದ ಕಾಲು ಭಾಗದಷ್ಟಿರುವ) ಕಡ್ಡಿ ಸುಮಾರು 49 ಸೆಂಟಿಮೀಟರ್. ಎಂಟನೇ ಐದು ತರಂಗದ್ದು ಅದರ ಎರಡೂವರೆ ಪಟ್ಟು ಉದ್ದ. ಬಯಲುಸೀಮೆಯ ನಿಮಗೆ ಉದ್ದನೆಯದು ತುಸು ಲಾಭವನ್ನೇ ಕೊಡುತ್ತದೆ, ಏಕೆಂದರೆ ಅದು ಶಕ್ತಿಯನ್ನು ದಿಗಂತದತ್ತ ಚಪ್ಪಟೆಯಾಗಿ ಕಳುಹಿಸುತ್ತದೆ. ಆದರೆ ಮಾಲ್‌ನ ನೆಲಮಾಳಿಗೆಗೆ ಕಾರು ಇಳಿಸುವಾಗ ಅದು ತೊಲೆಗೆ ಟಪಟಪ ಬಡಿಯುವ ಸದ್ದನ್ನು ಕೇಳಿಸಿಕೊಳ್ಳಲು ಸಿದ್ಧರಿರಬೇಕು. ಕಡ್ಡಿಯನ್ನು ಮೊದಲು ಒಂದೆರಡು ಸೆಂಟಿಮೀಟರ್ ಉದ್ದವಾಗಿಯೇ ಕೂರಿಸಿ. ಆಂಟೆನಾದಿಂದ ಎಷ್ಟು ಶಕ್ತಿ ಹಿಂದಿರುಗುತ್ತದೆಂದು ತಿಳಿಸುವ, ವಿಎಚ್‌ಎಫ್‌ಗೆಂದೇ ಇರುವ ಎಸ್‌ಡಬ್ಲ್ಯುಆರ್ ಮೀಟರನ್ನು ನಡುವೆ ಇಟ್ಟು, ಪಟ್ಟಿಯ ಕೆಳತುದಿ ಮತ್ತು ಮೇಲ್ತುದಿ ಎರಡರಲ್ಲೂ ಓದಿ. ಕೆಳತುದಿಯಲ್ಲಿ ಓದಿಕೆ ಕಡಿಮೆಯಿದ್ದರೆ ಕಡ್ಡಿ ಇನ್ನೂ ಉದ್ದವಿದೆ ಎಂದರ್ಥ. ಆಗ ಎರಡೆರಡು ಮಿಲಿಮೀಟರ್ ಕತ್ತರಿಸುತ್ತ ಬನ್ನಿ. ಒಮ್ಮೆಗೇ ಕತ್ತರಿಸಿದವರು ಮರುದಿನ ಹೊಸ ಕಡ್ಡಿ ಹುಡುಕುತ್ತಾರೆ. ಓದಿಕೆ 1.5ಕ್ಕೆ ಬಂದರೆ ನೂರಕ್ಕೆ ನಾಲ್ಕು ಪಾಲು ಮಾತ್ರ ಹಿಂದಿರುಗುತ್ತದೆ, ಅಲ್ಲಿಗೆ ಸಾಕು ಮಾಡಿ. 3 ಇದ್ದರೆ ಕಾಲು ಭಾಗವೇ ಮರಳಿ ಬರುವುದರಿಂದ ಸೆಟ್ ತನ್ನನ್ನು ಕಾಯ್ದುಕೊಳ್ಳಲು ಶಕ್ತಿಯನ್ನು ಇಳಿಸಬಹುದು, ಆ ವ್ಯವಸ್ಥೆಯಿಲ್ಲದ ಅಗ್ಗದ ಸೆಟ್ ಸುಟ್ಟೇಹೋಗಬಹುದು. ಸೆಟ್ಟಿನಿಂದ ಆಂಟೆನಾಗೆ ಎಳೆಯುವ ಆರ್‌ಜಿ-58 ಕೇಬಲ್ಲಿನಲ್ಲಿ ಐದು ಮೀಟರಿಗೆ ಸುಮಾರು ಒಂದು ಡೆಸಿಬೆಲ್ ನಷ್ಟವಿದೆ. ಅಷ್ಟನ್ನು ಸಹಿಸಬಹುದು. ಉಳಿದ ಕೇಬಲ್ಲನ್ನು ಸೀಟಿನಡಿ ಸುರುಳಿ ಸುತ್ತಿಡುವ ಬದಲು ಅಳತೆಗೆ ಕತ್ತರಿಸಿ ಕನೆಕ್ಟರ್ ಹಾಕಿಸಿ.

ಪ್ರಶ್ನೆ: ನಮ್ಮ ಮೂರು ಲಾರಿಗಳು ಹೊಸಪೇಟೆಯಿಂದ ಒಟ್ಟಿಗೇ ಹೊರಡುತ್ತವೆ. ಚಾಲಕರು ತಮ್ಮೊಳಗೆ ಮಾತನಾಡಿಕೊಳ್ಳಲು ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ವಾಕಿಟಾಕಿ ಅಥವಾ ಹ್ಯಾಮ್ ಸೆಟ್ ಹಾಕಿಸಬಹುದೇ? — ಲಾರಿ ಮಾಲೀಕರೊಬ್ಬರು

ಉತ್ತರ: ಹ್ಯಾಮ್ ಸೆಟ್ ಹಾಕಿಸುವಂತಿಲ್ಲ. ಚಾಲಕರೆಲ್ಲ ಪರೀಕ್ಷೆ ಬರೆದು ಪರವಾನಗಿ ಪಡೆದರೂ ಆಗದು, ಏಕೆಂದರೆ ಹವ್ಯಾಸಿ ಸೇವೆಯಲ್ಲಿ ವ್ಯಾಪಾರದ ಮಾತಿಗೆ ಜಾಗವಿಲ್ಲ. ಸರಕು ಎಲ್ಲಿ ಇಳಿಸಬೇಕು ಎಂಬುದು ವ್ಯಾಪಾರದ ಮಾತೇ.

ಪರವಾನಗಿ ಬೇಡದ ದಾರಿಗಳು ಎರಡಿವೆ. ಒಂದು, 26.957ರಿಂದ 27.283 ಮೆಗಾಹರ್ಟ್ಸ್‌ನ ಸಿಟಿಜನ್ ಬ್ಯಾಂಡ್. ಇದನ್ನು 5 ವ್ಯಾಟ್ ಮೀರದಂತೆ ಬಳಸಲು 2005ರಲ್ಲಿ ವಿನಾಯಿತಿ ನೀಡಲಾಯಿತು. ಈ ಪಟ್ಟಿಯ ಪೂರ್ಣ ಕಾಲು ತರಂಗದ ಕಡ್ಡಿ ಸುಮಾರು 2.7 ಮೀಟರ್ ಉದ್ದವಾದ್ದರಿಂದ ವಾಹನಕ್ಕೆ ಸಿಗುವುದು ಹೆಚ್ಚಾಗಿ ಮೊಟಕುಗೊಳಿಸಿದ ಆಂಟೆನಾಗಳೇ. ಎರಡನೆಯದು, 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ಕೈಸೆಟ್. ಲಾರಿಯ ಉಕ್ಕಿನ ಕ್ಯಾಬಿನ್ನಿನೊಳಗಿಂದ ಅದರ ದನಿ ಹಿಂದಿನ ಲಾರಿಗೆ ತಲುಪಬಹುದು, ಟೋಲ್‌ಗೇಟಿನಲ್ಲಿ ಮುಂದೆ ಹೋಗಿಬಿಟ್ಟ ಲಾರಿಗೆ ತಲುಪುತ್ತದೆಂಬ ಭರವಸೆ ಬೇಡ. ಆನ್‌ಲೈನಿನಲ್ಲಿ ‘ಹತ್ತು ಕಿಲೋಮೀಟರ್’ ಎಂದು ದಪ್ಪಕ್ಷರದಲ್ಲಿ ಬರೆದು, ಯಾವ ಫ್ರೀಕ್ವೆನ್ಸಿ ಎಂಬುದನ್ನೇ ಹೇಳದ ಸರಕಿಗೆ ಮರುಳಾಗಬೇಡಿ. ಇಂಥ ಮಾರಾಟ ಮಿತಿಮೀರಿದ್ದರಿಂದಲೇ 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟ ತಾಣಗಳಿಗೆ ನೋಟಿಸು ಕೊಟ್ಟು, ಬಳಿಕ ಮಾರ್ಗಸೂಚಿಯನ್ನೂ ಹೊರಡಿಸಿತು. ಸೆಟ್ಟಿನ ಫ್ರೀಕ್ವೆನ್ಸಿ ಮತ್ತು ಇಟಿಎ (ಸಲಕರಣೆಗೆ ಸರ್ಕಾರದ ಒಪ್ಪಿಗೆ) ಪ್ರಮಾಣಪತ್ರದ ವಿವರ ಇಲ್ಲದ್ದನ್ನು ಮುಟ್ಟಬೇಡಿ.

ನಿಮ್ಮ ಲಾರಿಗಳು ಹೆದ್ದಾರಿಯಲ್ಲೇ, ಮೊಬೈಲ್ ಸಿಗ್ನಲ್ ಇರುವ ಕಡೆಯೇ ಓಡುವುದಾದರೆ ಸಿಮ್ ಹಾಕುವ, ಗುಂಡಿ ಒತ್ತಿ ಮಾತನಾಡುವ ಸೆಟ್ಟುಗಳೇ ನಿಮಗೆ ಸುಲಭ: ಲಾರಿ ಲಾರಿಗೆ ನೂರು ಕಿಲೋಮೀಟರ್ ಅಂತರವಿದ್ದರೂ ನಡೆಯುತ್ತದೆ. ಗಣಿಯ ಆವರಣದಂಥ ಒಂದೇ ಕಡೆ ಹತ್ತಾರು ವಾಹನ ಓಡಿಸುವವರಾದರೆ ದೂರಸಂಪರ್ಕ ಇಲಾಖೆಯಲ್ಲಿ ಫ್ರೀಕ್ವೆನ್ಸಿ ಹಂಚುವ ಡಬ್ಲ್ಯುಪಿಸಿ ವಿಭಾಗದಿಂದ ಸ್ವಂತ ಬಳಕೆಯ ಫ್ರೀಕ್ವೆನ್ಸಿಗೆ ಪರವಾನಗಿ ಪಡೆಯುವುದು ಸರಿ. ಮೂರು ಲಾರಿಗೆ ಅದು ಹೊರೆ.

ಯಾವ ಸೆಟ್ ಹಾಕಿಸಿದರೂ ಲಾರಿಯ ವಿದ್ಯುತ್ 24 ವೋಲ್ಟ್ ಎಂಬುದನ್ನು ಮರೆಯಬೇಡಿ. ಗ್ಯಾರೇಜಿನಲ್ಲಿ ‘ಎರಡು ಬ್ಯಾಟರಿ ಇದೆಯಲ್ಲ, ಒಂದರಿಂದ ತಗೊಂಡ್ರೆ ಹನ್ನೆರಡು ಸಿಗುತ್ತೆ’ ಎಂದು ಹೇಳುವವರು ಸಿಕ್ಕೇ ಸಿಗುತ್ತಾರೆ. ಹಾಗೆ ಮಾಡಿದರೆ ಒಂದು ಬ್ಯಾಟರಿ ಸದಾ ಅರೆಹೊಟ್ಟೆಯಲ್ಲಿ, ಇನ್ನೊಂದು ಸದಾ ಅಜೀರ್ಣದಲ್ಲಿ ಇದ್ದು ಎರಡೂ ಬೇಗ ಹಾಳಾಗುತ್ತವೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸಿ.

ಪ್ರಶ್ನೆ: ಇಂಜಿನ್ ಓಡುವಾಗ ನನ್ನ ಮಾತಿನ ಹಿಂದೆ ‘ಕುಂಯ್’ ಎಂಬ ಸದ್ದು ಬರುತ್ತದೆಂದು ಗೆಳೆಯರು ಹೇಳುತ್ತಾರೆ. ಆಕ್ಸಿಲರೇಟರ್ ಒತ್ತಿದರೆ ಅದೂ ಏರುತ್ತದಂತೆ. — ಮೈಸೂರಿನ ಓದುಗರು

ಉತ್ತರ: ಅದು ಆಲ್ಟರ್ನೇಟರಿನ ಸದ್ದು, ವಿದ್ಯುತ್ ತಂತಿಯ ಮೂಲಕ ಒಳಬರುತ್ತಿದೆ. ಸೆಟ್ಟಿನ ವಿದ್ಯುತ್ತನ್ನು ಫ್ಯೂಸ್ ಪೆಟ್ಟಿಗೆಯಿಂದ ತೆಗೆದುಕೊಂಡಿದ್ದರೆ ಬ್ಯಾಟರಿಗೆ ಬದಲಿಸಿ, ಕೆಂಪು ಕಪ್ಪು ತಂತಿಗಳೆರಡನ್ನೂ ಜೊತೆಯಾಗಿಯೇ ಎಳೆಯಿರಿ. ಹೊಸ ಕಾರುಗಳಲ್ಲಿ ಒಂದು ಸೂಕ್ಷ್ಮವಿದೆ: ಬ್ಯಾಟರಿಯ ಋಣ ಧ್ರುವದ ಮೇಲೆ ಕರೆಂಟ್ ಅಳೆಯುವ ಸಣ್ಣ ಡಬ್ಬಿ ಕಂಡರೆ, ಕಪ್ಪು ತಂತಿಯನ್ನು ಆ ಧ್ರುವಕ್ಕೆ ಕಟ್ಟದೆ, ಬ್ಯಾಟರಿಯಿಂದ ಬಂದ ಮೂಲ ಕೇಬಲ್ ಕಾರಿನ ದೇಹಕ್ಕೆ ಸೇರುವ ಜಾಗದಲ್ಲಿ ಕಟ್ಟಬೇಕು. ಇಲ್ಲವಾದರೆ ನೀವು ಬಳಸಿದ ಕರೆಂಟ್ ಕಾರಿನ ಲೆಕ್ಕಕ್ಕೇ ಬಾರದೆ ಚಾರ್ಜಿಂಗ್ ಏರುಪೇರಾಗುತ್ತದೆ. ಇಷ್ಟಾದ ಮೇಲೂ ಸದ್ದು ಉಳಿದರೆ ಸೆಟ್ಟಿನ ಬಳಿ ತಂತಿಗಳಿಗೆ ಫೆರೈಟ್ ಉಂಗುರವೊಂದನ್ನು ತೊಡಿಸಿ ನೋಡಿ.

ಪ್ರಶ್ನೆ: ಅಮೆರಿಕದಲ್ಲಿದ್ದೇನೆ. ಇಲ್ಲಿ ಕಾರಿಗೆ ಜಿಎಂಆರ್‌ಎಸ್ (ಕುಟುಂಬಗಳೂ ಬಳಸುವ ಎರಡು ದಿಕ್ಕಿನ ರೇಡಿಯೋ ಸೇವೆ) ಸೆಟ್ ಹಾಕಿಸಿಕೊಂಡಿದ್ದೇವೆ, ಪರೀಕ್ಷೆಯೇ ಇಲ್ಲ. ಊರಿಗೆ ಮರಳುವಾಗ ತಂದು ಬಳಸಬಹುದೇ? — ನ್ಯೂಜೆರ್ಸಿಯ ಓದುಗರು

ಉತ್ತರ: ಬೇಡ. ಅಲ್ಲಿ 35 ಡಾಲರ್ ಕಟ್ಟಿದರೆ ಹತ್ತು ವರ್ಷಕ್ಕೆ ಇಡೀ ಕುಟುಂಬಕ್ಕೆ ಅನ್ವಯಿಸುವ ಆ ಪರವಾನಗಿಗೆ ಇಲ್ಲಿ ಬೆಲೆಯಿಲ್ಲ, ಅದು ಬಳಸುವ 462 ಮತ್ತು 467 ಮೆಗಾಹರ್ಟ್ಸ್ ಭಾರತದಲ್ಲಿ ಸಾರ್ವಜನಿಕರಿಗೆ ಮುಕ್ತವಾಗಿಲ್ಲ. ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲೇ ಸೆಟ್ ನಿಂತುಹೋಗಬಹುದು. ಅದನ್ನು ಅಲ್ಲಿಯೇ ಮಾರಿ ಬನ್ನಿ. ಇಲ್ಲಿಗೆ ಬಂದ ಮೇಲೆ ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್ಲಿನಲ್ಲಿ ಹ್ಯಾಮ್ ಪರೀಕ್ಷೆಗೆ ಅರ್ಜಿ ಹಾಕಿ. ಹನ್ನೆರಡು ತುಂಬಿದ ಮಕ್ಕಳಿದ್ದರೆ ಅವರನ್ನೂ ಜೊತೆಗೆ ಕೂರಿಸಿ.